ಹಾಸಿಗೆ ಒದ್ದೆಯಾದರೆ ನರ್ಸ್‌ಗೆ ಸುದ್ದಿ ಕೊಡುವ ವೈರ್‌ಲೆಸ್ ಸೆನ್ಸರ್: ಯಾರಾದರೂ ಬಳಸಿದ್ದೀರಾ?

ಶ್ರೀನಗರದ ಮಗ · ಸೋಮವಾರ, ರಾತ್ರಿ 11:20

ನಮ್ಮ ಅಪ್ಪನಿಗೆ 74 ವರ್ಷ. ಮೇಷ್ಟ್ರಾಗಿದ್ದವರು. ಹೋದ ತಿಂಗಳು ಸ್ಟ್ರೋಕ್ ಆಯಿತು. ಬಲಗಡೆ ಕೈಕಾಲು ಬಿದ್ದುಹೋಗಿದೆ, ಮಾತೂ ನಿಂತಿದೆ. ದಕ್ಷಿಣ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ 19 ದಿನ ಇದ್ದೆವು. ಹೆಸರು ಬೇಡ. ಡಾಕ್ಟರುಗಳು ಚೆನ್ನಾಗಿಯೇ ನೋಡಿದರು, ಜೀವ ಉಳಿಸಿದರು.

ಹನ್ನೆರಡನೇ ದಿನ ಬೆಳಿಗ್ಗೆ ಸ್ಪಂಜ್ ಮಾಡಲು ಬಂದ ಸಿಸ್ಟರ್ ಅಪ್ಪನನ್ನು ಮಗ್ಗುಲಿಗೆ ತಿರುಗಿಸಿದರು. ಡ್ರಾ ಶೀಟ್, ಅಂದರೆ ಸೊಂಟದ ಕೆಳಗೆ ಅಡ್ಡ ಹಾಸುವ ಬಟ್ಟೆ, ಪೂರ್ತಿ ಒದ್ದೆ. ಅಂಚಿನಲ್ಲಿ ಹಳದಿ ಗೆರೆ ಒಣಗಿತ್ತು, ಅಂದರೆ ಆಗಷ್ಟೇ ಆದದ್ದಲ್ಲ. ಬಾಲದ ಮೂಳೆ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಕೆಂಪು. ನಾನು ರಾತ್ರಿಯೆಲ್ಲ ಪಕ್ಕದ ಬೆಂಚಿನ ಮೇಲೇ ಇದ್ದೆ. ನನಗೂ ಗೊತ್ತಾಗಲಿಲ್ಲ. ಕಾಲ್ ಬೆಲ್ ಸ್ವಿಚ್ಚು ಮಂಚದ ಬಲಗಡೆ ನೇತಾಡುತ್ತಿತ್ತು. ಅಪ್ಪನ ಬಲಗೈ ಏಳುವುದೇ ಇಲ್ಲ. ಹನ್ನೆರಡು ದಿನ ಅದನ್ನು ಯಾರೂ ಗಮನಿಸಿರಲಿಲ್ಲ, ನಾನೂ ಸೇರಿ.

ಈಗ ರಿಹ್ಯಾಬ್ ಸೆಂಟರ್‌ಗೆ ಸೇರಿಸುತ್ತಿದ್ದೇವೆ. ಅಲ್ಲಿ ಆರು ಮಂಚಕ್ಕೆ ಟ್ರಯಲ್ ಅಂತ ಒಂದು ಮ್ಯಾಟ್ ಹಾಕಿದ್ದಾರೆ. ಬೆಡ್‌ಶೀಟ್ ಕೆಳಗೆ ಹೋಗುತ್ತದೆ, ಒದ್ದೆಯಾದರೆ ನರ್ಸ್ ಮೊಬೈಲ್‌ಗೆ ಮೆಸೇಜ್ ಬರುತ್ತದೆ. ತಿಂಗಳ ಬಿಲ್ಲಿಗೆ ಸ್ವಲ್ಪ ಸೇರುತ್ತದಂತೆ. ತಗೊಳ್ಳೋಣವಾ? ಇದು ನಿಜವಾಗಿ ಕೆಲಸ ಮಾಡುತ್ತಾ, ಅಥವಾ ಬಿಲ್ ಉದ್ದ ಮಾಡೋಕೆ ಒಂದು ಸಾಲಾ?

ನೈಟ್ ಡ್ಯೂಟಿ ಸಿಸ್ಟರ್ · ಮಂಗಳವಾರ, ಬೆಳಿಗ್ಗೆ 8:05

ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ತಪ್ಪಿದ್ದರೆ ಕ್ಷಮಿಸಿ.

ಮೊದಲು ಆ ಕೆಂಪಿನ ವಿಷಯ. ಬೆರಳಿಂದ ಒತ್ತಿ ಬಿಡಿ. ಬಿಳುಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಅಂತ ಅರ್ಥ. ಒತ್ತಿದರೂ ಬಿಳುಚದೆ ಹಾಗೇ ಕೆಂಪಗಿದ್ದರೆ ಅದು ಬೆಡ್ ಸೋರ್‌ನ ಮೊದಲ ಹಂತ. ಕಪ್ಪು ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೈಯಿಟ್ಟು ನೋಡಿ, ಸುತ್ತಲಿನ ಚರ್ಮಕ್ಕಿಂತ ಬಿಸಿ ಇದೆಯಾ, ಗಟ್ಟಿ ಇದೆಯಾ ಅಂತ. ಎರಡನೇ ಹಂತದಲ್ಲಿ ಚರ್ಮ ಒಡೆಯುತ್ತದೆ. ನಾಲ್ಕನೇ ಹಂತಕ್ಕೆ ಹೋದರೆ ಮೂಳೆಯೇ ಕಾಣುತ್ತದೆ. ನೋಡಿದ್ದೇನೆ, ಇಲ್ಲಿ ಬರೆಯಲ್ಲ.

ಉಚ್ಚೆ ಯಾಕೆ ಇಷ್ಟು ಹಾಳು ಮಾಡುತ್ತದೆ ಅಂದರೆ, ನಮ್ಮ ಚರ್ಮ ಸ್ವಲ್ಪ ಹುಳಿ ಗುಣದ್ದು. ಪಿಎಚ್ 5.5ರ ಆಸುಪಾಸು ಇರುತ್ತದೆ. ಉಚ್ಚೆಯ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದು ಅಮೋನಿಯಾ ಮಾಡುತ್ತವೆ. ಆ ಹುಳಿ ಗುಣ ಹೋಗುತ್ತದೆ. ಮೊದಲೇ ನೆಂದು ಮೆತ್ತಗಾದ ಚರ್ಮ. ಅದನ್ನು ಹಾಸಿಗೆ ಮೇಲೆ ಎಳೆದು ಮೇಲಕ್ಕೆ ಸರಿಸಿದರೆ ಸುಲಿದೇ ಹೋಗುತ್ತದೆ. ಎರಡಕ್ಕೆ ಆಗಿದ್ದರೆ ಇನ್ನೂ ಬೇಗ, ಅದರಲ್ಲಿ ಜೀರ್ಣರಸದ ಕಿಣ್ವಗಳಿರುತ್ತವೆ.

ಇನ್ನು ಸೆನ್ಸರ್. ನನ್ನ ವಾರ್ಡಿನಲ್ಲಿ ರಾತ್ರಿ 32 ಮಂಚಕ್ಕೆ ನಾವು ಮೂರು ಜನ. ಬೆಲ್ ಹೊಡೆಯಿತು ಅಂದುಕೊಳ್ಳಿ. ಯಾರು ಬರುತ್ತಾರೆ? ಒಬ್ಬಳು ಡ್ರಿಪ್ ಬದಲಿಸುತ್ತಿರುತ್ತಾಳೆ, ಇನ್ನೊಬ್ಬಳು ಹೊಸ ಅಡ್ಮಿಷನ್‌ನಲ್ಲಿ. ಅಪ್ಪನಂಥವರನ್ನು ತಿರುಗಿಸಲು ಇಬ್ಬರು ಬೇಕು. ಮಾರುವವರು ಮೆಸೇಜ್ ಹೇಗೆ ಬರುತ್ತದೆ ಅಂತ ತೋರಿಸುತ್ತಾರೆ. ಮೆಸೇಜ್ ಬಂದ ಮೇಲೆ ಸಿಸ್ಟರ್ ಎಷ್ಟು ನಿಮಿಷಕ್ಕೆ ಬಂದರು ಅಂತ ಕೇಳಿ ನೋಡಿ.

ಕಹಿ ಸತ್ಯ · ಮಂಗಳವಾರ, ಬೆಳಿಗ್ಗೆ 9:40

ಸೆನ್ಸರ್ ದುಡ್ಡಲ್ಲಿ ಒಬ್ಬ ಆಯಾನ ಇಡಬಹುದು. ಮುಗೀತು.

ಹನುಮಂತನಗರದ ಸೊಸೆ · ಮಂಗಳವಾರ, ಬೆಳಿಗ್ಗೆ 10:15

ಕಹಿ ಸತ್ಯ ಅವರೇ, ನಾವು ಇಟ್ಟಿದ್ದೇವೆ. ಏಜೆನ್ಸಿಯಿಂದ, ರಾತ್ರಿ ಪಾಳಿಗೆ 900 ರೂಪಾಯಿ. ಅತ್ತೆಗೆ ಮನೆಯಲ್ಲೇ ಫೌಲರ್ ಕಾಟ್ (ಬೆನ್ನಿನ ಕಡೆ ಏರಿಸಬಹುದಾದ ಆಸ್ಪತ್ರೆ ಮಂಚ) ಬಾಡಿಗೆಗೆ ತಂದಿದ್ದೇವೆ. ಆಯಾ ಒಳ್ಳೆಯವಳು. ಆದರೆ ಅವಳೂ ಮನುಷ್ಯಳೇ. ಹಗಲು ಇನ್ನೊಂದು ಮನೆಯಲ್ಲಿ ಕೆಲಸ ಮಾಡಿ ಬರುತ್ತಾಳೆ, ರಾತ್ರಿ ಎರಡಕ್ಕೆ ಕಣ್ಣು ಮುಚ್ಚುತ್ತದೆ. ಒದ್ದೆಯಾಗಿದೆಯಾ ಅಂತ ನೋಡಲು ಗಂಟೆಗೊಮ್ಮೆ ಹೊದಿಕೆ ಎತ್ತಿ ಕೈ ಹಾಕುತ್ತಾಳೆ, ಅತ್ತೆಗೆ ಎಚ್ಚರವಾಗುತ್ತದೆ. "ನನ್ನ ಮುಟ್ಟಬೇಡ" ಅಂತ ಅಳುತ್ತಾರೆ.

ಡಯಾಪರ್ ಮೇಲೆ ಹಳದಿ ಗೆರೆ ನೀಲಿಯಾಗುತ್ತದಲ್ಲ, ಅದನ್ನು ನೋಡಿ ಅನ್ನುತ್ತಾರೆ. ಅದನ್ನು ನೋಡಬೇಕಾದರೂ ಲೈಟ್ ಹಾಕಬೇಕು, ಸೀರೆ ಸರಿಸಬೇಕು. ಮುಟ್ಟದೆ ಗೊತ್ತಾದರೆ ಸಾಕು ನನಗೆ. ಸೆನ್ಸರ್ ಬಗ್ಗೆ ಗೊತ್ತಿದ್ದವರು ದಯವಿಟ್ಟು ಹೇಳಿ.

ಬೆಸುಗೆ ಕಡ್ಡಿ · ಮಂಗಳವಾರ, ಮಧ್ಯಾಹ್ನ 1:30

ಎಲೆಕ್ಟ್ರಾನಿಕ್ಸ್ ನನ್ನ ಹೊಟ್ಟೆಪಾಡು. ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಮ್ಯಾಟ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಒಂದನೆಯದು ಅತಿ ಸರಳ. ಬಟ್ಟೆಯಲ್ಲಿ ಎರಡು ಲೋಹದ ಎಳೆ, ನಡುವೆ ಬೆರಳಗಲ ಜಾಗ. ಉಚ್ಚೆಯಲ್ಲಿ ಉಪ್ಪು ಇರುತ್ತದೆ, ಅದು ಎರಡು ಎಳೆಗೂ ಸೇತುವೆಯಾಗಿ ಕರೆಂಟ್ ಹರಿಯುತ್ತದೆ. ಅಗ್ಗ. ಆದರೆ ಬೆವರಲ್ಲೂ ಉಪ್ಪಿದೆ! ರೆಕ್ಸಿನ್ ಹಾಸಿದ ಮಂಚ, ಏಪ್ರಿಲ್ ತಿಂಗಳು, ಫ್ಯಾನ್ ಬೇರೆ ಮೂಲೆಯಲ್ಲಿ. ಸುಮ್ಮಸುಮ್ಮನೆ ಬೆಲ್. ಇನ್ನೊಂದು ತೊಂದರೆ, ಸದಾ ಒಂದೇ ದಿಕ್ಕಿನಲ್ಲಿ ಕರೆಂಟ್ ಕೊಟ್ಟರೆ ತಾಮ್ರ ಹಸಿರುಗಟ್ಟಿ ಸವೆದುಹೋಗುತ್ತದೆ. ಕೆಲವು ಸೆಕೆಂಡಿಗೊಮ್ಮೆ ಚಿಟಿಕೆ ಹೊಡೆದ ಹಾಗೆ, ದಿಕ್ಕು ಬದಲಿಸಿ ಬದಲಿಸಿ ಕೊಡಬೇಕು. ಬ್ಯಾಟರಿಯೂ ಉಳಿಯುತ್ತದೆ.

ಎರಡನೆಯದು ಕೆಪ್ಯಾಸಿಟನ್ಸ್ ನೋಡುವಂಥದ್ದು, ಅಂದರೆ ಲೋಹದ ಪಟ್ಟಿಗಳ ನಡುವೆ ಎಷ್ಟು ವಿದ್ಯುತ್ ಕೂಡಿಡಬಹುದು ಅಂತ ಅಳೆಯುವಂಥದ್ದು. ನಡುವೆ ಇರುವ ವಸ್ತು ಅದನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವುದೇ ಡೈಎಲೆಕ್ಟ್ರಿಕ್ ಬೆಲೆ. ಗಾಳಿಯದು 1, ನೀರಿನದು 80ರ ಹತ್ತಿರ. ಒಣ ಹತ್ತಿಯದು ಒಂದಂಕಿ ದಾಟುವುದಿಲ್ಲ. ಹಾಗಾಗಿ ಬಟ್ಟೆ ನೆಂದ ಕೂಡಲೇ ಅಳತೆ ಜಿಗಿಯುತ್ತದೆ. ಲೋಹಕ್ಕೆ ನೀರು ತಾಗಲೇಬೇಕು ಅಂತಿಲ್ಲ. ಪೂರ್ತಿ ಪ್ಲಾಸ್ಟಿಕ್‌ನಲ್ಲಿ ಮುಚ್ಚಿಡಬಹುದು, ಸ್ಪಿರಿಟ್ ಹಾಕಿ ಒರೆಸಬಹುದು. ಆಸ್ಪತ್ರೆಗೆ ಇದೇ ಚೆನ್ನ. ಫಜೀತಿ ಎಲ್ಲಿ ಗೊತ್ತಾ? ಮನುಷ್ಯನೂ ಒಂದು ನೀರಿನ ಮೂಟೆಯೇ. ರೋಗಿ ಮಗ್ಗುಲು ಬದಲಿಸಿದರೂ ಅಳತೆ ಜಿಗಿಯುತ್ತದೆ. ಮ್ಯಾಟಿನ ಉದ್ದಕ್ಕೂ ನಾಲ್ಕೈದು ಪಟ್ಟಿ ಹಾಕಿ, ಯಾವುದು ಏರಿತು, ಎಷ್ಟು ಬೇಗ ಏರಿತು, ಏರಿದ್ದು ಅಲ್ಲೇ ನಿಂತಿತಾ ಅಂತ ಹೋಲಿಸಬೇಕು. ಮಗ್ಗುಲಾದರೆ ಒಂದು ಪಟ್ಟಿ ಏರಿ ಪಕ್ಕದ್ದು ಇಳಿಯುತ್ತದೆ. ಒದ್ದೆಯಾದರೆ ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ, ಇಳಿಯುವುದಿಲ್ಲ.

ಮೂರನೆಯದು ನನಗೆ ತುಂಬಾ ಇಷ್ಟ. ಕಾರಿನ ಗಾಜಿನ ಮೇಲೆ ಫಾಸ್ಟ್ಯಾಗ್ ಇದೆಯಲ್ಲ, ಅದೇ ಆರ್‌ಎಫ್‌ಐಡಿ. ಅದರೊಳಗೆ ಬ್ಯಾಟರಿ ಇಲ್ಲ. ಟೋಲ್‌ನಲ್ಲಿರುವ ರೀಡರ್ 865 ಮೆಗಾಹರ್ಟ್ಸ್ ಆಸುಪಾಸಿನ ಅಲೆ ಕಳಿಸುತ್ತದೆ, ಟ್ಯಾಗ್ ಆ ಅಲೆಯಿಂದಲೇ ಶಕ್ತಿ ತಗೊಂಡು ಉತ್ತರ ಕೊಡುತ್ತದೆ. 2020ರಲ್ಲಿ ಅಮೆರಿಕದ ಎಂಐಟಿಯವರು ಇದನ್ನು ಡಯಾಪರ್ ಒಳಗೆ ಹಾಕಿದರು. ಡಯಾಪರ್‌ನಲ್ಲಿ ಉಚ್ಚೆ ಹೀರುವ ಸೋಡಿಯಂ ಪಾಲಿಅಕ್ರಿಲೇಟ್ ಪುಡಿ ಇರುತ್ತದೆ. ಒಣಗಿದ್ದಾಗ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ನೆಂದು ಜೆಲ್ಲಿಯಾದಾಗ ಸ್ವಲ್ಪ ಹರಿಯುತ್ತದೆ. ಆ ಜೆಲ್ಲಿಯನ್ನೇ ಟ್ಯಾಗಿನ ಆಂಟೆನಾದ ಭಾಗ ಮಾಡಿಕೊಂಡರು. ಒಣ ಡಯಾಪರ್ ಬಾಯಿ ಬಿಡುವುದಿಲ್ಲ, ಒದ್ದೆ ಡಯಾಪರ್ ಒಂದು ಮೀಟರ್ ದೂರದ ರೀಡರ್‌ಗೂ ಮಾತಾಡುತ್ತದೆ. ಟ್ಯಾಗಿಗೆ ಎರಡು ಸೆಂಟ್‌ಗಿಂತ ಕಡಿಮೆ ಖರ್ಚು ಅಂದರು. ಆಗಿನ ಲೆಕ್ಕಕ್ಕೆ ಒಂದೂವರೆ ರೂಪಾಯಿ. ದುಬಾರಿಯಾಗುವುದು ರೀಡರ್. ಒಂದು ಮೀಟರ್ ಅಂದರೆ ಹೆಚ್ಚುಕಡಿಮೆ ಮಂಚಕ್ಕೊಂದು ಬೇಕು.

ಶ್ರೀನಗರದವರೇ, ನಿಮ್ಮ ಸೆಂಟರಿನದು ಯಾವ ಜಾತಿ ಅಂತ ನೋಡಿ ಹೇಳಿ. ಪೆಟ್ಟಿಗೆ ಎಲ್ಲಿದೆ ಅಂತಲೂ ನೋಡಿ. ಬ್ಲೂಟೂತ್, ವೈಫೈ ಎರಡೂ ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್. ಮೈ ಆ ಅಲೆಯನ್ನು ನುಂಗಿಬಿಡುತ್ತದೆ. ಪೆಟ್ಟಿಗೆ ಬೆನ್ನಿನ ಕೆಳಗಿದ್ದರೆ ಸಿಗ್ನಲ್ ಸಾಯುತ್ತದೆ. ಮಂಚದ ಕಂಬಿಗೆ ನೇತು ಹಾಕಿರಬೇಕು.

ಹಳೇ ಪುಸ್ತಕದ ಹುಳು · ಮಂಗಳವಾರ, ಸಂಜೆ 4:50

ಇದು ಹೊಸದೇನಲ್ಲ ಸ್ವಾಮಿ. 1904ರಲ್ಲಿ ಫೌಂಡ್ಲರ್ ಅಂತ ಒಬ್ಬ ಮಕ್ಕಳ ಡಾಕ್ಟರು ಜರ್ಮನ್ ಭಾಷೆಯಲ್ಲಿ ಇದರ ಬಗ್ಗೆ ಬರೆದಿದ್ದಾರೆ. ವಾರ್ಡಿನಲ್ಲಿ ಮಗು ಹಾಸಿಗೆ ಒದ್ದೆ ಮಾಡಿದರೆ ನರ್ಸ್‌ಗೆ ಗೊತ್ತಾಗಲಿ ಅಂತ ಬೆಲ್ ಜೋಡಿಸಿದರು. ತಮಾಷೆ ಅಂದರೆ, ಸ್ವಲ್ಪ ದಿನ ಆದಮೇಲೆ ಕೆಲವು ಮಕ್ಕಳು ಒದ್ದೆ ಮಾಡುವುದನ್ನೇ ನಿಲ್ಲಿಸಿದವು! ನರ್ಸ್‌ಗೆ ಅಂತ ಮಾಡಿದ ಬೆಲ್ಲು ಮಗುವನ್ನೇ ಎಬ್ಬಿಸುತ್ತಿತ್ತು. 1938ರಲ್ಲಿ ಅಮೆರಿಕದ ಮೌರರ್ ದಂಪತಿ ಇದನ್ನೇ ಚಿಕಿತ್ಸೆ ಅಂತ ಮಾಡಿದರು. ಹಾಸಿಗೆ ಒದ್ದೆ ಮಾಡುವ ಮಕ್ಕಳಿಗೆ ಇವತ್ತೂ ಡಾಕ್ಟರುಗಳು ಹೇಳುವ ಅಲಾರಂ ಅದೇ ವಂಶದ್ದು.

ನೈಟ್ ಡ್ಯೂಟಿ ಸಿಸ್ಟರ್ · ಮಂಗಳವಾರ, ಸಂಜೆ 6:30

ಮಕ್ಕಳಿಗೆ ಸರಿ. ಸ್ಟ್ರೋಕ್ ಆದ ಹಿರಿಯರ ತಲೆದೆಸೆಯಲ್ಲಿ ಬೆಲ್ ಹೊಡೆಯಬೇಡಿ ಮಾರಾಯ್ರೇ. ನಿದ್ದೆಗೆಟ್ಟರೆ ರಾತ್ರಿ ಗಲಿಬಿಲಿ ಜಾಸ್ತಿಯಾಗುತ್ತದೆ. ಸದ್ದು ನಮ್ಮ ಜೇಬಿನಲ್ಲಿರಲಿ.

ಅದೂ ಅತಿಯಾಗಬಾರದು. ಮಾನಿಟರ್, ಪಂಪ್, ವೆಂಟಿಲೇಟರ್, ಎಲ್ಲವೂ ಕುಯ್ಯೋ ಅನ್ನುತ್ತಿರುತ್ತವೆ. ಸುಳ್ಳು ಬೆಲ್ ಮೂರು ಸಲ ಬಂದರೆ ನಾಲ್ಕನೆಯದಕ್ಕೆ ಕಿವಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಸೋಮಾರಿತನ ಅನ್ನಬೇಡಿ.

ಬಯೋಮೆಡ್ ಬಸು · ಬುಧವಾರ, ಬೆಳಿಗ್ಗೆ 11:00

ಆಸ್ಪತ್ರೆ ಉಪಕರಣ ರಿಪೇರಿ ನನ್ನ ಕೆಲಸ. ಡೆಮೊಗೆ ಹೋದಾಗ ಒಂದು ಪರೀಕ್ಷೆ ಮಾಡಿ. ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು, ಸಲೈನ್ ಬಾಟಲಿಯ ಅಳತೆ. ಸ್ವಲ್ಪ ಬೆಚ್ಚಗೆ ಮಾಡಿ. ಮ್ಯಾಟ್ ಮೇಲೆ ಶೀಟ್ ಹಾಸಿ, ಅಲ್ಲಿಯವರನ್ನೇ ಒಬ್ಬರನ್ನು ಮಲಗಿಸಿ. ಸುಮ್ಮನೆ ಮಗ್ಗುಲು ಬದಲಿಸಲು ಹೇಳಿ, ಬೆಲ್ ಬರಬಾರದು. ಆಮೇಲೆ ಅವರನ್ನು ಎಬ್ಬಿಸಿ, ಒಂದು ಕಾಫಿ ಲೋಟದಷ್ಟು ಸುರಿಯಿರಿ. ನಂತರ ಡಯಾಪರ್ ಒಳಗೆ ಸುರಿಯಿರಿ. ಇಲ್ಲಿ ಬಹಳಷ್ಟು ಮ್ಯಾಟ್‌ಗಳ ಬಣ್ಣ ಬಯಲಾಗುತ್ತದೆ. ಡಯಾಪರ್ ಎಲ್ಲವನ್ನೂ ಹೀರಿಕೊಂಡು ಕೂರುತ್ತದೆ, ಕೆಳಗಿನ ಮ್ಯಾಟ್‌ಗೆ ಸುದ್ದಿಯೇ ಇಲ್ಲ. ಮ್ಯಾಟ್ ಹೇಳುವುದು ಸೋರಿದ ಮೇಲೆ. ಅಷ್ಟರಲ್ಲಿ ಚರ್ಮ ಎಷ್ಟು ಹೊತ್ತು ನೆಂದಿರುತ್ತದೆ ಲೆಕ್ಕ ಹಾಕಿ. ಡಯಾಪರ್ ಹಾಕುವವರಿಗೆ ಸೆನ್ಸರ್ ಡಯಾಪರ್‌ನಲ್ಲೇ ಇರಬೇಕು. ಇಲ್ಲವೇ ಡಯಾಪರ್ ಬಿಟ್ಟು ತೆಳು ಪ್ಯಾಡ್ ಹಾಸಿ ಮ್ಯಾಟ್ ಇಡಬೇಕು.

ಎರಡಕ್ಕೆ ಆದದ್ದನ್ನು ಯಾವ ಮ್ಯಾಟೂ ನಂಬಿಕೆಯಾಗಿ ಹೇಳುವುದಿಲ್ಲ. ಗಟ್ಟಿಯಿದ್ದರೆ ಹರಡುವುದೇ ಇಲ್ಲ. ಅದಕ್ಕೆ ಮೂಗೇ ಸೆನ್ಸರ್.

ಮನೆಯಲ್ಲಿ ಮಾಡಿಕೊಳ್ಳುವವರು ಬ್ಯಾಟರಿಯಲ್ಲಿ ಮಾತ್ರ ನಡೆಸಿ. ಗೋಡೆಯ ಅಡಾಪ್ಟರ್‌ಗೆ ಜೋಡಿಸಿದ ತಂತಿಯನ್ನು ಒದ್ದೆ ಮನುಷ್ಯನ ಕೆಳಗೆ ಇಡುವುದು ಆತ್ಮಹತ್ಯೆ. ಹಾಸಿಗೆಯಲ್ಲಿ ಹೊರಳಾಡಿದರೆ ಕೈಗೆ ಸಿಗುವ ಕಡೆ ಗುಂಡಿ ಬ್ಯಾಟರಿಯೂ ಬೇಡ, ನುಂಗಿದವರಿದ್ದಾರೆ.

ಮೇಷ್ಟ್ರ ಮೊಮ್ಮಗಳು · ಬುಧವಾರ, ರಾತ್ರಿ 9:10

ಶ್ರೀನಗರದ ಮಗ ನನ್ನ ಮಾವ. ನಾವು ಇವತ್ತು ಸೆಂಟರ್ ನೋಡಿಕೊಂಡು ಬಂದೆವು. ಮಾವ ಬರೆಯಲ್ಲ ಅಂತ ಗೊತ್ತು, ಅದಕ್ಕೆ ನಾನು ಬರೆಯುತ್ತಿದ್ದೇನೆ.

ನರ್ಸಿಂಗ್ ಸ್ಟೇಷನ್ ಎದುರು ದೊಡ್ಡ ಟಿವಿ. ಅದರಲ್ಲಿ ಆರು ಮಂಚದ ಹೆಸರು. ಒದ್ದೆಯಾದರೆ ಹೆಸರು ಕೆಂಪಗಾಗಿ "ವೆಟ್" ಅಂತ ಮಿಣಮಿಣ ಅನ್ನುತ್ತದೆ. ನಾವು ನಿಂತಿದ್ದಾಗ ಒಬ್ಬ ಅಜ್ಜಿಯ ಹೆಸರು ಕೆಂಪಗಾಯಿತು. ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದ ಯಾರೋ ಓದಿ ನಕ್ಕರು. ತಾತ 38 ವರ್ಷ ಪಂಚೆಗೆ ಇಸ್ತ್ರಿ ಹಾಕಿ ಶಾಲೆಗೆ ಹೋದವರು. ಅವರ ಹೆಸರು ಅಲ್ಲಿ ಬರುವುದು ನನಗೆ ಬೇಡ.

ಬಯೋಮೆಡ್ ಬಸು · ಬುಧವಾರ, ರಾತ್ರಿ 9:45

ಆ ಟಿವಿಯ ಬಗ್ಗೆ ಬರೆದು ಕೊಡಿ, ಸುಮ್ಮನಿರಬೇಡಿ. ಹೆಸರಿನ ಬದಲು ಮಂಚದ ನಂಬರ್, "ವೆಟ್" ಬದಲು ಒಂದು ಚುಕ್ಕಿ ಹಾಕಲು ಐದು ನಿಮಿಷದ ಕೆಲಸ. ಟಿವಿಯನ್ನು ಗೋಡೆಯ ಇನ್ನೊಂದು ಬದಿಗೆ ತಿರುಗಿಸಿದರೂ ಆಯಿತು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಅಂತ ಕಾಯ್ದೆಯೇ ಬಂದಿದೆ. ಆ ದಾಖಲೆ ಯಾರ ಸರ್ವರ್‌ನಲ್ಲಿ ಕೂರುತ್ತದೆ, ಡಿಸ್ಚಾರ್ಜ್ ಆದಮೇಲೆ ಅಳಿಸುತ್ತಾರಾ ಅಂತಲೂ ಕೇಳಿ.

ಕಹಿ ಸತ್ಯ · ಬುಧವಾರ, ರಾತ್ರಿ 10:02

ನೋಡಿ, ನಾನು ಹೇಳಿದ್ದೇ ಸರಿ. ಎಲ್ಲ ಮಾರ್ಕೆಟಿಂಗ್. ಕ್ಯಾಥಿಟರ್ (ಉಚ್ಚೆಗೆ ಕೊಳವೆ) ಹಾಕಿಸಿ, ತಂಟೆ ಇಲ್ಲ.

ನೈಟ್ ಡ್ಯೂಟಿ ಸಿಸ್ಟರ್ · ಗುರುವಾರ, ಬೆಳಿಗ್ಗೆ 7:50

ಕ್ಯಾಥಿಟರ್ ಒಳಗಿದ್ದಷ್ಟು ದಿನವೂ ಸೋಂಕಿಗೆ ಬಾಗಿಲು ತೆರೆದಿಟ್ಟ ಹಾಗೆ. ನಮಗೆ ಅನುಕೂಲ ಅಂತ ಹಾಕುವುದಲ್ಲ ಅದು. ಉಚ್ಚೆ ಕಟ್ಟಿಕೊಂಡಾಗ, ಆಪರೇಷನ್ ಆದಾಗ, ಹುಣ್ಣು ಒಡೆದು ಒಣಗಬೇಕಾದಾಗ ಹಾಕುತ್ತೇವೆ. ಕೆಲಸ ಮುಗಿದ ದಿನವೇ ತೆಗೆಯಬೇಕು.

ಶ್ರೀನಗರದ ಮಗ · ಎರಡು ವಾರದ ನಂತರ, ಭಾನುವಾರ, ಬೆಳಿಗ್ಗೆ 6:40

ಅಪ್ಪ ಸೆಂಟರ್ ಸೇರಿ 13 ದಿನ. ಟಿವಿಯಲ್ಲಿ ಈಗ ನಂಬರ್ ಮಾತ್ರ ಬರುತ್ತದೆ. ಸೊಸೆ, ಸಾರಿ, ಸೋದರಸೊಸೆ ಜಗಳ ಆಡಿ ಮಾಡಿಸಿದಳು.

ಮ್ಯಾಟ್ ಕೆಪ್ಯಾಸಿಟನ್ಸ್ ಜಾತಿಯದು, ಐದು ಪಟ್ಟಿ. ಪೆಟ್ಟಿಗೆ ಕಂಬಿಗೆ ನೇತಾಡುತ್ತಿದೆ. ಬಸು ಹೇಳಿದ ಡಯಾಪರ್ ಪರೀಕ್ಷೆ ಮಾಡಿದೆ, ಫೇಲ್ ಆಯಿತು. ಮಾರುವ ಹುಡುಗನ ಮುಖ ನೋಡಬೇಕಿತ್ತು. ಅದಕ್ಕೇ ರಾತ್ರಿ ಡಯಾಪರ್ ಬಿಟ್ಟು ತೆಳು ಪ್ಯಾಡ್ ಹಾಸುತ್ತಿದ್ದಾರೆ. ಕೆಂಪು ಇದ್ದ ಜಾಗ ಈಗ ಒತ್ತಿದರೆ ಬಿಳುಚುತ್ತದೆ.

ಮೊದಲ ಮೂರು ರಾತ್ರಿ ನಾನೇ ಗಡಿಯಾರ ಹಿಡಿದು ಕೂತೆ. ಮೆಸೇಜ್ ಬಂದಾಗಿನಿಂದ ಸಿಸ್ಟರ್ ಬರುವವರೆಗೆ 6 ನಿಮಿಷ, 11 ನಿಮಿಷ, ಒಂದು ಸಲ 34 ನಿಮಿಷ. ಆ 34ರ ರಾತ್ರಿ ಪಕ್ಕದ ಕೋಣೆಯಲ್ಲಿ ಒಬ್ಬರಿಗೆ ಫಿಟ್ಸ್ ಬಂದಿತ್ತು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಕೂತು ಬೇಜಾರಾಗಿ ಹೊತ್ತು ಬರೆದಿಟ್ಟುಕೊಳ್ಳಲು ಶುರು ಮಾಡಿದೆ, ಅಪ್ಪನ ಹಳೇ ಹಾಜರಿ ಪುಸ್ತಕದ ಖಾಲಿ ಹಾಳೆಯಲ್ಲಿ. ನಾಲ್ಕನೇ ದಿನ ನೋಡಿದರೆ, ಮೂರು ಹೊತ್ತು ಒಂದೇ ಸಾಲಿನಲ್ಲಿ ನಿಂತಿವೆ. ರಾತ್ರಿ 8ರ ಸುಮಾರು, 10:30, ಆಮೇಲೆ 2:45. ಮೊದಲ ಎರಡು ಸಲ ಜಾಸ್ತಿ, ಶೀಟ್ ಪೂರ್ತಿ. ಡ್ಯೂಟಿ ಡಾಕ್ಟರಿಗೆ ತೋರಿಸಿದೆ. ಅವರು ಕೇಸ್ ಶೀಟ್ ತಿರುವಿ, "ಲ್ಯಾಸಿಕ್ಸ್ ಎರಡನೇ ಡೋಸ್ ಸಂಜೆ 6ಕ್ಕೆ ಕೊಡ್ತಿದ್ದಾರಲ್ಲ" ಅಂದರು. ನೀರಿನ ಮಾತ್ರೆ. ಅದನ್ನು ಮಧ್ಯಾಹ್ನಕ್ಕೆ ಹಾಕಿದರು. 8, 10:30 ಎರಡೂ ಹೆಚ್ಚುಕಡಿಮೆ ನಿಂತುಹೋದವು. ಉಳಿದದ್ದು 2:45 ಒಂದೇ.

ಈಗ ನೈಟ್ ಸಿಸ್ಟರ್ ಎರಡೂವರೆಗೆ ಯೂರಿನಲ್ ಬಾಟಲಿ ಹಿಡಿದು ತಾವೇ ಬರುತ್ತಾರೆ. ಮಗ್ಗುಲು ಬದಲಿಸುವ ಹೊತ್ತೂ ಅದೇ, ಎರಡೂ ಒಂದೇ ಸಲ ಆಗುತ್ತದೆ. ಮೊನ್ನೆ ರಾತ್ರಿ ಅವರು ಬರುವ ಮೊದಲೇ ಅಪ್ಪ ಎಡಗೈಯಲ್ಲಿ ಕಂಬಿಯನ್ನು ಟಕಟಕ ಅಂತ ಬಡಿದರು. ಉಂಗುರದ ಸದ್ದು. ನಾನು ಎದ್ದು ನೋಡಿದರೆ ಬಾಟಲಿ ಕಡೆ ಬೆರಳು ತೋರಿಸುತ್ತಿದ್ದಾರೆ. ಕ್ಲಾಸಿನಲ್ಲಿ ಮೇಜು ಬಡಿಯುತ್ತಿದ್ದರಲ್ಲ, ಅದೇ ಥರ. ಆ ರಾತ್ರಿ ಮ್ಯಾಟ್ ಒಂದೂ ಮೆಸೇಜ್ ಕಳಿಸಲಿಲ್ಲ.

ಕಾಲ್ ಬೆಲ್ ಈಗ ಎಡಗಡೆ ಕಟ್ಟಿದ್ದೇವೆ.

ನೈಟ್ ಡ್ಯೂಟಿ ಸಿಸ್ಟರ್ · ಭಾನುವಾರ, ಬೆಳಿಗ್ಗೆ 8:20

ಬಸ್ಸಿನಲ್ಲಿ ಓದಿದೆ, ಪಕ್ಕದವರು ಯಾಕಮ್ಮಾ ಅಳ್ತಿದ್ದೀರಾ ಅಂದರು.

ಆ ಹಾಜರಿ ಪುಸ್ತಕದ ಹಾಳೆ ಬಿಸಾಡಬೇಡಿ. ನಮ್ಮ ಕಡೆ ಇದಕ್ಕೆ ಬ್ಲಾಡರ್ ಡೈರಿ ಅಂತಾರೆ, ಪುಸ್ತಕದಲ್ಲಿ ಓದಿದ್ದೇವೆ, ವಾರ್ಡಿನಲ್ಲಿ ಬರೆಯಲು ಪುರುಸೊತ್ತು ಸಿಗಲ್ಲ. ಆ ಬರೆಯುವ ಕೆಲಸ ಮ್ಯಾಟ್ ಮಾಡಿಕೊಟ್ಟರೆ ಬೆಲ್ ಹೊಡೆಯದಿದ್ದರೂ ನನಗೆ ಬೇಕು ಅದು. ನಾಳೆ ನಮ್ಮ ಇನ್‌ಚಾರ್ಜ್‌ಗೆ ಹೇಳುತ್ತೇನೆ.

ಜಿಂಕ್ ಕ್ರೀಮ್ ತೆಳ್ಳಗೆ ಹಚ್ಚಿ, ಗೋಡೆಗೆ ಸುಣ್ಣ ಬಳಿದ ಹಾಗೆ ಬೇಡ. ಪೌಡರ್ ಬೇಡವೇ ಬೇಡ, ಒದ್ದೆಯಾದರೆ ಗಂಟು ಕಟ್ಟಿ ಉಜ್ಜುತ್ತದೆ. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಕೊಡಿ.

ಕಹಿ ಸತ್ಯ · ಭಾನುವಾರ, ಬೆಳಿಗ್ಗೆ 9:30

ಮೇಷ್ಟ್ರಿಗೆ ನಮಸ್ಕಾರ ಹೇಳಿ. ಆದರೂ 34 ನಿಮಿಷಕ್ಕೆ ಮ್ಯಾಟ್ ಏನೂ ಮಾಡಲಿಲ್ಲ, ಅದನ್ನು ಮರೀಬೇಡಿ.

ಶ್ರೀನಗರದ ಮಗ · ಭಾನುವಾರ, ಬೆಳಿಗ್ಗೆ 9:42

ಮರೆತಿಲ್ಲ. ಅದನ್ನೂ ಬರೆದಿಟ್ಟಿದ್ದೇನೆ.

ಹನುಮಂತನಗರದ ಸೊಸೆ · ಭಾನುವಾರ, ಮಧ್ಯಾಹ್ನ 12:10

ಬೆಸುಗೆ ಕಡ್ಡಿ ಅವರೇ, ಅತ್ತೆಗೆ ಮನೆಯಲ್ಲೇ ಒಂದು ಮಾಡಿಕೊಡುತ್ತೀರಾ? ಆಯಾ ಕೈ ಹಾಕದ ಹಾಗೆ ಆಗಬೇಕು, ಅಷ್ಟೇ. ಹೊತ್ತು ಬರೆಯುವ ಪುಸ್ತಕ ನಾನು ಇಡುತ್ತೇನೆ.

ಬೆಸುಗೆ ಕಡ್ಡಿ · ಭಾನುವಾರ, ಮಧ್ಯಾಹ್ನ 12:35

ಮಾಡೋಣ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್ ಭಾನುವಾರ ಬಹುಪಾಲು ಬಾಗಿಲು ಹಾಕಿರುತ್ತದೆ, ನಾಳೆ ಹೋಗಿ ತಾಮ್ರದ ಟೇಪು, ಒಂದು ಇಎಸ್‌ಪಿ32 ಬೋರ್ಡು (ವೈಫೈ ಇರುವ ಪುಟ್ಟ ಕಂಪ್ಯೂಟರ್), ಬ್ಯಾಟರಿ ತರುತ್ತೇನೆ. ನೀವು ಮಂಚದ ಅಗಲ ಅಳೆದು ಹೇಳಿ. ಅತ್ತೆ ಯಾವ ಮಗ್ಗುಲಿಗೆ ಜಾಸ್ತಿ ಮಲಗುತ್ತಾರೆ ಅಂತಲೂ ಹೇಳಿ, ಪೆಟ್ಟಿಗೆ ಇನ್ನೊಂದು ಕಡೆ ಬರಬೇಕು. ಸದ್ದಿನ ಬದಲು ಆಯಾ ಕೈಗೆ ಗಡಿಯಾರದ ಥರ ನಡುಗುವ ಪಟ್ಟಿ ಕಟ್ಟೋಣ, ಅತ್ತೆಗೆ ಎಚ್ಚರ ಆಗಲ್ಲ.

ಹನುಮಂತನಗರದ ಸೊಸೆ · ಭಾನುವಾರ, ಮಧ್ಯಾಹ್ನ 12:50

ಅಗಲ ಮೂರು ಅಡಿ. ಎಡಮಗ್ಗುಲು, ಕಿಟಕಿ ಕಡೆ. ಮ್ಯಾಟ್ ಒಗೆಯಬಹುದಾ?

ಬೆಸುಗೆ ಕಡ್ಡಿ · ಭಾನುವಾರ, ಮಧ್ಯಾಹ್ನ 12:52

ಮೆಷಿನ್‌ಗೆ ಹಾಕಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ. ಮಡಚಬೇಡಿ, ಚಾಪೆ ಥರ ಸುತ್ತಿಡಿ.